ಅಂಗಳದ ಮೇಲಿನ ಮೋಡ ಎಲ್ಲಿಯದು?

"ಇವತ್ತು ಮಳೆ ಬತ್ತು ತಮಾ, ನೋಡ್ತಾ ಇರು."

2024ರ ಡಿಸೆಂಬರ್ 2, ಸೋಮವಾರ ಬೆಳಿಗ್ಗೆ. ಅಪ್ಪಯ್ಯ ಕಷಾಯದ ಲೋಟ ಹಿಡಿದು ಜಗುಲಿಯ ತುದಿಯಲ್ಲಿ ನಿಂತಿದ್ದ. ಅಂಗಳದ ತುಂಬ ತಟ್ಟಿಗಳ ಮೇಲೆ ಬೇಯಿಸಿದ ಅಡಿಕೆ ಹರವಿತ್ತು. ಹಿಂದಿನ ದಿನ ಬೇಯಿಸಿದ್ದು, ಚೊಗರು, ಅಂದರೆ ಅಡಿಕೆ ಬೇಯಿಸಿದ ಒಗರು ನೀರು, ಇನ್ನೂ ಆರಿರಲಿಲ್ಲ. ಶಿರಸಿ ಕಡೆಯ ಡಿಸೆಂಬರ್ ಬೆಳಗು ಹೇಗಿರಬೇಕೋ ಹಾಗಿರಲಿಲ್ಲ ಅದು. ತೋಟದ ಮೇಲೆ ಮಂಜಿಲ್ಲ. ಹಂಚಿನಿಂದ ತೊಟ್ಟಿಕ್ಕುವ ಇಬ್ಬನಿ ಇಲ್ಲ. ಬದಲಿಗೆ ಒಂದು ಥರದ ಸೆಕೆ, ಮೇಲೆ ಬೂದಿ ಬಳಿದ ಹಾಗಿನ ಆಕಾಶ.

ಚಳಿಗಾಲದ ಬೆಳಿಗ್ಗೆ ಚಳಿ ಇಲ್ಲ ಅಂದರೆ ನಮ್ಮ ಕಡೆಯವರಿಗೆ ಖುಷಿ ಆಗುವುದಿಲ್ಲ, ಹೆದರಿಕೆ ಆಗುತ್ತದೆ. ರಾತ್ರಿ ಆಕಾಶ ತೆರೆದಿದ್ದರೆ ನೆಲದ ಕಾವೆಲ್ಲ ಮೇಲೆ ಹೋಗಿ ಚಳಿ ಬೀಳುತ್ತದೆ. ಮೋಡ ಮುಚ್ಚಿಕೊಂಡರೆ ಕಾವು ಇಲ್ಲೇ ಉಳಿಯುತ್ತದೆ. ಎದ್ದ ಕೂಡಲೇ ಕಂಬಳಿ ಒದೆಯುವ ಹಾಗಾದ ದಿನ ನೇರ ಅಂಗಳಕ್ಕೆ ಓಡಬೇಕು. ಅಪ್ಪಯ್ಯನಿಗೆ ಇದನ್ನು ಯಾವ ಇಲಾಖೆಯೂ ಹೇಳಿಕೊಟ್ಟಿದ್ದಲ್ಲ.

ನನಗೆ ಮಾತ್ರ ಸುದ್ದಿ ಮುಂಚೆಯೇ ಗೊತ್ತಿತ್ತು. ಮೋಡಕ್ಕಿಂತ ಮೊದಲು ಫೋನು ಬಂದಿತ್ತು. ಶನಿವಾರ, ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ದಾಟಿತ್ತು. (ಫೆಂಗಲ್ಲೋ ಫೆಂಜಲ್ಲೋ ಎಂಬ ಬಗ್ಗೆ ಟಿವಿಯವರಲ್ಲೇ ಒಮ್ಮತ ಇರಲಿಲ್ಲ. ಹೆಸರು ಕೊಟ್ಟಿದ್ದು ಸೌದಿ ಅರೇಬಿಯಾ. ನಮ್ಮ ಮನೆಯಲ್ಲಿ ಅದು ಕೊನೆಯವರೆಗೂ 'ಪೊಂಗಲ್' ಆಗಿಯೇ ಉಳಿಯಿತು.) ದಡ ದಾಟಿದ ಚಂಡಮಾರುತ ಸಾಮಾನ್ಯವಾಗಿ ಮುಂದೆ ಹೋಗಿ ಸೊರಗುತ್ತದೆ. ಇದು ದಾಟಿದ ಮೇಲೆ ಗಂಟೆಗಟ್ಟಲೆ ಅಲ್ಲೇ ಕೂತುಬಿಟ್ಟಿತು. ಪುದುಚೇರಿಯಲ್ಲಿ ಒಂದೇ ದಿನಕ್ಕೆ 45 ಸೆಂಟಿಮೀಟರಿಗೂ ಜಾಸ್ತಿ ಮಳೆ. ಚೆನ್ನೈ ವಿಮಾನ ನಿಲ್ದಾಣವನ್ನು ಮುಚ್ಚಿದ್ದರು. ಭಾನುವಾರ ತಿರುವಣ್ಣಾಮಲೈಯಲ್ಲಿ ಗುಡ್ಡ ಕುಸಿದು 7 ಮಂದಿ ಸತ್ತರು. 'ಗುಡ್ಡ ಕುಸಿತ' ಅನ್ನುವ ಮಾತು ಕೇಳಿದ ಕೂಡಲೇ ನಮ್ಮ ಆಯಿ ಟಿವಿ ಆರಿಸಿದಳು. ಅದೇ ವರ್ಷ ಜುಲೈ 16ಕ್ಕೆ ಅಂಕೋಲೆಯ ಶಿರೂರಿನಲ್ಲಿ ಆದದ್ದು ನಮ್ಮ ಜಿಲ್ಲೆಯಲ್ಲಿ ಯಾರಿಗೂ ಇನ್ನೂ ಹಳತಾಗಿರಲಿಲ್ಲ.

ಭಾನುವಾರವೇ ಬೆಂಗಳೂರಿನ ತಮ್ಮ ಫೋನು ಮಾಡಿ, "ಇಲ್ಲಿ ಜಿಟಿಜಿಟಿ ಶುರು ಆಯ್ತು, ಸ್ವೆಟರ್ ಹಾಕ್ಕೊಂಡು ಬಜ್ಜಿ ತಿಂತಾ ಇದ್ದೇವೆ" ಅಂದ. ಅವನಿಗೆ ಬಜ್ಜಿ. ನಾನು ಮನಸ್ಸಲ್ಲೇ ನಕಾಶೆ ಹಾಕಿದೆ. ಪುದುಚೇರಿ, ಕೃಷ್ಣಗಿರಿ, ಬೆಂಗಳೂರು. ಆಮೇಲೆ? ಅದು ಪಶ್ಚಿಮಕ್ಕೇ ಬರುತ್ತಿದೆ ಅಂದರೆ ಆಮೇಲೆ ನಮ್ಮ ಅಂಗಳವೇ.

ಇಲ್ಲಿ ಒಂದು ವಿಷಯ ಹೇಳಬೇಕು. ಘಟ್ಟದ ಮೇಲಿನವರು, ಕೆಳಗಿನವರು, ಯಾರೇ ಆಗಲಿ, ಉತ್ತರ ಕನ್ನಡದವರಿಗೆ ಮಳೆಯ ಹೆದರಿಕೆ ಅಂತ ಇಲ್ಲ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 300 ಸೆಂಟಿಮೀಟರ್ ಬೀಳುತ್ತದೆ, ಶಿರಸಿಯಲ್ಲೂ ಏನು ಕಡಿಮೆ ಅಲ್ಲ. ಜೂನಿನಿಂದ ಸೆಪ್ಟೆಂಬರಿನ ತನಕ ಮಳೆ ನಮ್ಮ ಮನೆಯ ಆಳು. ಬರುತ್ತದೆ, ಗಲಾಟೆ ಮಾಡುತ್ತದೆ, ಹೋಗುತ್ತದೆ. ಅದಕ್ಕೆ ಬೇಕಾದ ಕಟ್ಟಿಗೆ, ಹಪ್ಪಳ, ಕರಡ, ಎಲ್ಲ ಮೊದಲೇ ಒಳಗೆ ಸೇರಿರುತ್ತದೆ. ಆದರೆ ಸ್ವಾತಿ ಮಳೆ ಮುಗಿದು, ತುಳಸಿ ಮದುವೆ ಆಯಿತು ಅಂದರೆ ಆಕಾಶದ ಬಾಗಿಲು ಹಾಕಿತು ಅಂತ ಲೆಕ್ಕ. "ತುಳಸಿ ಮದುವೆಗೆ ಬಂದ ಮಳೆಗೆ ಊಟ ಹಾಕಿ ಕಳಿಸಬಹುದು, ಆಮೇಲೆ ಬಂದದ್ದಕ್ಕೆ ಮಣೆ ಇಲ್ಲ" ಅನ್ನುತ್ತಾನೆ ಅಪ್ಪಯ್ಯ.

ಆ ಹಾಕಿದ ಬಾಗಿಲನ್ನು ನಂಬಿಕೊಂಡೇ ನಮ್ಮ ಚಳಿಗಾಲ ನಡೆಯುವುದು. ಭತ್ತ ಕೊಯ್ದು ಗದ್ದೆಯಲ್ಲೇ ಬಿಡುತ್ತೇವೆ. ಯಕ್ಷಗಾನ ಮೇಳಗಳು ಬಯಲಲ್ಲಿ ರಂಗ ಕಟ್ಟುತ್ತವೆ. ಅಂಕೋಲೆಯ ಕರಿ ಇಶಾಡು ಮಾವು ಹೂ ಬಿಡಲು ತಯಾರಾಗುತ್ತದೆ. ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಮುಂದಿನ ಬಿಸಿಲಿಗಾಗಿ ಬದು ಸರಿಮಾಡುತ್ತಾರೆ. ಮದುವೆ ಚಪ್ಪರಕ್ಕೆ ಅಡಿಕೆ ಸೋಗೆ ಸಾಕು, ತಗಡು ಬೇಡ. ಮತ್ತು ಅಡಿಕೆ. ಅದಂತೂ ಪೂರ್ತಿ ಬಿಸಿಲನ್ನು ನಂಬಿದ ಬೆಳೆ. ಕೊನೆ, ಅಂದರೆ ಅಡಿಕೆಯ ಗೊನೆ, ಒಮ್ಮೆ ಮರದಿಂದ ಇಳಿಯಿತು ಅಂದರೆ ಮುಗಿಯಿತು. ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಎಲ್ಲೂ ನಿಲ್ಲಿಸುವ ಹಾಗಿಲ್ಲ. ಬೇಯಿಸಿದ ಅಡಿಕೆಗೆ ಐದಾರು ಗಟ್ಟಿ ಬಿಸಿಲು ಬೇಕು. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿ ಚಾಲಿ ಮಾಡಬೇಕು ಅಂದರೆ ನಲವತ್ತು ದಿನ. ಚಾಲಿ ಒಣಗಿದೆಯೋ ಇಲ್ಲವೋ ಎಂದು ನೋಡಲು ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಸಿಪ್ಪೆಯೊಳಗೆ ಗೋಟು ಗುಡುಗುಡು ಅನ್ನಬೇಕು. ಅಷ್ಟು ದಿನ ಆಕಾಶ ಸುಮ್ನೆ ಇರಬೇಕು ಅನ್ನುವುದು ನಮ್ಮ ಬೇಡಿಕೆ. ದೊಡ್ಡದೇ ಬೇಡಿಕೆ ಅನ್ನಿ.

ಸೋಮವಾರ ಮಧ್ಯಾಹ್ನದ ತನಕ ಏನೂ ಆಗಲಿಲ್ಲ. ಎಂಟು ಜನ ಮೆಟ್ಟುಗತ್ತಿ ಹಿಡಿದು ಕೊಟ್ಟಿಗೆಯ ಬದಿಗೆ ಅಡಿಕೆ ಸುಲಿಯುತ್ತಿದ್ದರು. ಹಂಡೆಯಲ್ಲಿ ಚೊಗರು ಕುದಿಯುತ್ತಿತ್ತು. ಕೊನೆ ಕೊಯ್ಯುವ ಕೊನೆಗೌಡ ತೋಟದಲ್ಲಿ ಮರದ ಮೇಲಿದ್ದ. ನಾಲ್ಕು ಗಂಟೆ ಹೊತ್ತಿಗೆ ತೋಟದ ಕಡೆಯಿಂದ ಅವನ ಕೂಗು ಕೇಳಿತು: "ಹೆಗಡೇರೇ, ಬಂತು!" ಮೇಲಿರುವವನಿಗೆ ಮಳೆ ನಮಗಿಂತ ಅರ್ಧ ನಿಮಿಷ ಮೊದಲು ಕಾಣುತ್ತದೆ.

ಆಮೇಲಿನ ಹತ್ತು ನಿಮಿಷ ಹೇಗೆ ಹೋಯಿತೋ ಗೊತ್ತಿಲ್ಲ. ಸುಲಿಯುತ್ತಿದ್ದವರೆಲ್ಲ ಎದ್ದು ಬಂದರು. ಒಂದೊಂದು ತಟ್ಟಿಗೆ ಇಬ್ಬರು. ಎತ್ತಿ ಒಳಗೆ ಸಾಗಿಸಿದಷ್ಟೂ ಹೊರಗೆ ಉಳಿಯುತ್ತಿತ್ತು. ಜಗುಲಿ ತುಂಬಿತು, ನಡುಮನೆ ತುಂಬಿತು, ದೇವರ ಕೋಣೆಯ ಬಾಗಿಲಿನ ತನಕ ಅಡಿಕೆ. ಉಳಿದದ್ದಕ್ಕೆ ತಾಡಪತ್ರಿ ಎಳೆದೆವು. ಮೂಲೆಗೆ ಇಡಲು ಕಲ್ಲು ಸಾಲದೆ ಆಯಿ ಒಳಗಿನಿಂದ ಒರಳಿನ ಗುಂಡು ಉರುಳಿಸಿಕೊಂಡು ಬಂದಳು. ಅಪ್ಪಯ್ಯನಿಗೆ 78 ವರ್ಷ. ಬೇಡ ಬೇಡ ಅಂದರೂ ಬಗ್ಗಿ ಬಗ್ಗಿ ಹೊರಗೆ ಬಿದ್ದ ಅಡಿಕೆ ಹೆಕ್ಕುತ್ತಿದ್ದ, ಒಂದೊಂದೇ. ತಲೆಯ ಮೇಲಿನ ಪಂಚೆ ನೆನೆದು ಕಿವಿಗೆ ಅಂಟಿತ್ತು. ಅಡಿಕೆಯ ಮೇಲೆ ಬಿದ್ದ ಮೊದಲ ಹನಿಗೆ ಒಂದು ವಾಸನೆ ಇದೆ. ಒಗರು, ಸ್ವಲ್ಪ ಹೊಗೆ, ಸ್ವಲ್ಪ ಒದ್ದೆ ಮಣ್ಣು. ಬೇರೆ ದಿನವಾಗಿದ್ದರೆ ಚೆನ್ನಾಗಿದೆ ಅನ್ನಿಸುತ್ತಿತ್ತೋ ಏನೋ.

ದೊಡ್ಡ ಮಳೆಯೇನಲ್ಲ. ಆಗಾಗ ಬಂದು, ನಿಂತು, ಮತ್ತೆ ಬರುವ ಮಳೆ. ಜೋರು ಮಳೆ ಹೊಯ್ದು ಹೋಗಿ ಮರುದಿನ ಬಿಸಿಲು ಬಂದರೆ ಬಚಾವು. ಈ ಜಿಟಿಜಿಟಿಗೆ ಮದ್ದಿಲ್ಲ. ಮಂಗಳವಾರವೂ ಹಾಗೇ, ಬುಧವಾರವೂ ಸೂರ್ಯ ಇಣುಕಿ ಒಳಗೆ ಹೋದ. ಮೂರನೇ ದಿನ ಜಗುಲಿಯ ರಾಶಿಯ ಅಡಿಗೆ ಕೈ ಹಾಕಿದರೆ ಬೆಚ್ಚಗೆ, ಜಿಗುಟು. ಬೂಸಲು ಶುರುವಾಗಿತ್ತು. ಬೆಂಕಿ ಹಾಕಿ ಒಣಗಿಸಬಹುದು, ಆದರೆ ಹೊಗೆ ವಾಸನೆ ಹಿಡಿದರೆ ರೇಟು ಇಳಿಯುತ್ತದೆ. ಪಕ್ಕದ ಮನೆಯವರು ಪ್ಲಾಸ್ಟಿಕ್ ಹೊದಿಕೆಯ ಡ್ರೈಯರ್ ಮನೆ ಕಟ್ಟಿಸಿದಾಗ ನಾವು ನಕ್ಕಿದ್ದೆವು, ಬಿಸಿಲಿಗೂ ದುಡ್ಡು ಕೊಡುವ ಕಾಲ ಬಂತು ಅಂತ. ಆ ವಾರ ಅವರ ಮನೆಗೆ ನಾಲ್ಕು ಬುಟ್ಟಿ ಅಡಿಕೆ ಹೊತ್ತುಕೊಂಡು ಹೋದದ್ದು ನಾನೇ. ಅವರು ನಗಲಿಲ್ಲ. ಅದಕ್ಕೇ ಜಾಸ್ತಿ ನಾಚಿಕೆ ಆಯಿತು.

ಮರ ಜಾರುತ್ತದೆ ಎಂದು ಕೊನೆಗೌಡನೂ ಮೂರು ದಿನ ಬರಲಿಲ್ಲ. ನಮ್ಮ ನಷ್ಟ ಲೆಕ್ಕಕ್ಕೆ ಸಿಗುತ್ತದೆ. ಅವನ ಮೂರು ದಿನದ ಸಂಬಳವನ್ನು ಯಾರೂ ಬೆಳೆಹಾನಿ ಅಂತ ಬರೆದುಕೊಳ್ಳುವುದಿಲ್ಲ.

ಫೆಂಗಲ್‌ನ ಉಳಿದ ಜೀವ ಆ ಮಂಗಳವಾರವೇ ಘಟ್ಟ ಇಳಿದು ಅರಬ್ಬಿ ಸಮುದ್ರಕ್ಕೆ ಹೋಯಿತು. ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ್ದು ಇಡೀ ದಕ್ಷಿಣದ ಬೆನ್ನ ಮೇಲೆ ನಡೆದು, ದಾರಿಯಲ್ಲಿ ನಮ್ಮ ಅಡಿಕೆಗೆ ಒಂದು ಕೈ ನೋಡಿ, ಈ ಕಡೆ ಇಳಿದದ್ದು. ತಮಿಳುನಾಡಿನವರಿಗೆ ಇದು ಹೊಸತಲ್ಲ. ಅವರ ವರ್ಷದ ಮಳೆಯಲ್ಲಿ ಹೆಚ್ಚುಕಡಿಮೆ ಅರ್ಧ ಬರುವುದೇ ಅಕ್ಟೋಬರಿನಿಂದ ಡಿಸೆಂಬರಿಗೆ. 2016ರ ಡಿಸೆಂಬರಿನಲ್ಲಿ ವರ್ದಾ, 2023ರ ಡಿಸೆಂಬರಿನಲ್ಲಿ ಮಿಚಾಂಗ್, ಎರಡೂ ಚೆನ್ನೈಯನ್ನು ಹಣ್ಣು ಮಾಡಿದವು. ನಾವು ಬಾಗಿಲು ಹಾಕಿಕೊಂಡು ಅಂಗಳ ಗುಡಿಸುವ ಹೊತ್ತಿಗೆ ಅವರು ಬಾಗಿಲು ತೆರೆದು ಮಳೆ ಕಾಯುತ್ತಾರೆ. ಒಂದೇ ದಕ್ಷಿಣ ಅನ್ನುತ್ತೇವೆ, ಪಂಚಾಂಗ ಮಾತ್ರ ಬೇರೆ ಬೇರೆ.

ವಾರ ಕಳೆದು ಕಾರವಾರಕ್ಕೆ ಹೋಗುವುದಿತ್ತು. ಬೈತಖೋಲದಲ್ಲಿ ನನ್ನ ಹಳೆಯ ಸ್ನೇಹಿತ ಇದ್ದಾನೆ, ಕಾಲೇಜಿನಲ್ಲಿ ಒಟ್ಟಿಗೆ ಓದಿದವನು, ಈಗ ಸುತ್ತುಬಲೆಯ ಪರ್ಸೀನ್ ಬೋಟಿನಲ್ಲಿ ಪಾಲುದಾರ. ಶಿರಸಿಯಲ್ಲಿ ಹೊರಡುವಾಗ ಸ್ವೆಟರ್ ಹಾಕಿದ್ದೆ. ಘಟ್ಟ ಇಳಿದು ಅಂಕೋಲೆ ತಲುಪುವಾಗ ಅದು ಬ್ಯಾಗಿನಲ್ಲಿತ್ತು. ಕಾರವಾರದಲ್ಲಿ ಇಳಿದಾಗ ಅಂಗಿಯೂ ಬೇಡ ಅನ್ನಿಸಿತು.

ಇದು ಕೇಳಿದವರಿಗೆ ತಮಾಷೆ. ದೇಶದ ಉತ್ತರ ಗಡಗಡ ನಡುಗುವ ಹೊತ್ತಿಗೆ, ಆ ದಿನದ ಅತಿ ಹೆಚ್ಚು ಉಷ್ಣಾಂಶ ಎಲ್ಲಿ ಎಂದು ಹವಾಮಾನ ಇಲಾಖೆಯ ಪಟ್ಟಿ ನೋಡಿದರೆ ಎಷ್ಟೋ ಸಲ ಅಲ್ಲಿ ಕಾರವಾರದ ಹೆಸರಿರುತ್ತದೆ. ರಾಯಚೂರಲ್ಲ, ಕಲಬುರಗಿಯಲ್ಲ, ಸಮುದ್ರದ ದಡದ ಕಾರವಾರ! ಕಾರಣ ನಮ್ಮ ಘಟ್ಟವೇ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ, ಒಣ ನೆಲದ ಮೇಲಿಂದ ಬೀಸುತ್ತದೆ. ಗಾಳಿ ಕೆಳಗಿಳಿದ ಹಾಗೆ ಒತ್ತಡ ಹೆಚ್ಚಿ ಬಿಸಿಯಾಗುತ್ತದೆ, ನೂರು ಮೀಟರಿಗೆ ಹತ್ತಿರ ಹತ್ತಿರ 1 ಡಿಗ್ರಿ. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ನಮ್ಮಲ್ಲಿ 28 ಇದ್ದ ಗಾಳಿ ಕಾರವಾರ ಮುಟ್ಟುವಾಗ 34 ಆಗಿರುತ್ತದೆ. ಮಧ್ಯಾಹ್ನ ಕಡಲಗಾಳಿ ಎದ್ದರೆ ತಂಪು. ಏಳುವುದು ತಡವಾದ ದಿನ ಕಾರವಾರ ದೇಶಕ್ಕೇ ಮೊದಲು.

ಸ್ನೇಹಿತನಿಗೆ ಇದನ್ನೆಲ್ಲ ವಿವರಿಸಿದೆ. ಅವನು ಬಲೆ ಹೊಲಿಯುವುದನ್ನು ನಿಲ್ಲಿಸದೆ, "ಅಂದ್ರೆ ನಿಮ್ಮ ಶಿರಸಿಯವರ ಬಿಸಿ ಗಾಳಿ ನಾವು ಕುಡಿಯೂದು ಅಂತಾಯ್ತು ಮಾರಾಯ" ಅಂದ. ಕರಾವಳಿಯಲ್ಲಿ ಶೀತಗಾಳಿ ಎಂದು ಘೋಷಿಸಲು ಕನಿಷ್ಠ ಉಷ್ಣಾಂಶ 15 ಡಿಗ್ರಿಗೆ ಇಳಿದು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಕಡಿಮೆ ಇದ್ದರೆ ಸಾಕಂತೆ ಅಂದೆ. ಬಯಲು ಸೀಮೆಗೆ ಅದು 10. "15ಕ್ಕೇ?" ಎಂದು ಅವನು ನಕ್ಕ. ಆಮೇಲೆ ಸ್ವಲ್ಪ ಯೋಚಿಸಿ, "ಹೌದು, 15 ಆದ್ರೆ ನಾವು ಸತ್ತೇ ಹೋಗ್ತೇವೆ" ಅಂದ.

ಆದರೆ ಅವನ ಚಳಿಗಾಲದ ಮಾತು ಉಷ್ಣಾಂಶದ್ದಲ್ಲ, ನೀರಿನದು. ಮಳೆಗಾಲದಲ್ಲಿ ಕಡಲಿಗೆ ಹೋಗುವ ಪ್ರಶ್ನೆಯೇ ಇಲ್ಲ, ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ನಿಷೇಧ. ಚಳಿಗಾಲವೇ ಅವರ ಸುಗ್ಗಿ. ಅವರದೂ ನಮ್ಮ ಹಾಗೆಯೇ ಒಂದು ನಂಬಿಕೆ, ಬಾಗಿಲು ಹಾಕಿದೆ ಅಂತ. 2017ರ ನವೆಂಬರ್ ಕೊನೆಗೆ ಓಖಿ ಚಂಡಮಾರುತ ಬಂದಾಗ ಕನ್ಯಾಕುಮಾರಿ ಕಡೆಯ ಮೀನುಗಾರರು ಆಗಲೇ ಆಳ ಸಮುದ್ರದಲ್ಲಿದ್ದರು. ಎಚ್ಚರಿಕೆ ದಡಕ್ಕೆ ಬಂತು, ಅವರಿಗೆ ಮುಟ್ಟಲಿಲ್ಲ. ಎಷ್ಟೋ ಜನ ತಿರುಗಿ ಬರಲೇ ಇಲ್ಲ. ಆ ಚಂಡಮಾರುತ ಲಕ್ಷದ್ವೀಪ ದಾಟಿ, ನಮ್ಮ ದಡಕ್ಕೆ ಬಾರದೆ ದೂರದಲ್ಲೇ ಗುಜರಾತಿನ ಕಡೆ ಹೋಗಿ ಕರಗಿತು. "ಗಾಳಿ ಇಲ್ಲಿ ಬೀಸಲೇ ಇಲ್ಲ. ಅಲೆ ಮಾತ್ರ ಬಂತು. ಗಾಳಿ ಇಲ್ಲದೆ ಏಳುವ ಅಲೆ ನೋಡಿದ್ದೀಯಾ? ಅದರಷ್ಟು ಕೆಟ್ಟದ್ದು ಬೇರೆ ಇಲ್ಲ" ಅಂದ.

2019ರ ಅಕ್ಟೋಬರಿನಲ್ಲಿ ಕ್ಯಾರ್ ಎದ್ದಾಗ ಹೊರಗಿನ ಬೋಟುಗಳೆಲ್ಲ ಕಾರವಾರಕ್ಕೆ ಓಡಿ ಬಂದಿದ್ದವು. ಗುಡ್ಡದ ಮರೆ, ಎದುರಿಗೆ ದ್ವೀಪಗಳು. ಬಂದರು ಅಂದರೆ ಹೀಗಿರಬೇಕು ಅಂತ ದೇವರೇ ಕಡೆದಿಟ್ಟ ಜಾಗ ಅದು. ಒಂದರ ಪಕ್ಕ ಒಂದು ಕಟ್ಟಿದ ಬೋಟುಗಳ ಮೇಲೆ ಹೆಜ್ಜೆ ಇಡುತ್ತಾ ಎಲ್ಲಿಂದೆಲ್ಲಿಗೋ ನಡೆದು ಹೋಗಬಹುದಿತ್ತಂತೆ. ಬೋಟಿನಿಂದ ಬೋಟಿಗೆ ಮಲಯಾಳ, ತಮಿಳು, ಕೊಂಕಣಿ, ತುಳು. ಎಲ್ಲರ ಅಡುಗೆಗೂ ಅದೇ ಮೀನು.

ಅವನು ಹೇಳದೆ ಬಿಟ್ಟದ್ದು ಕಾರವಾರದ ಎದುರಿನ ದ್ವೀಪ ಕೂರ್ಮಗಡದ ವಿಷಯ. ನಾನೂ ಕೇಳಲಿಲ್ಲ. ಪುಷ್ಯ ಹುಣ್ಣಿಮೆಗೆ ಅಲ್ಲಿ ನರಸಿಂಹನ ಜಾತ್ರೆ. ದೋಣಿಯಲ್ಲಿ ಹೋಗಿ ಬರುವ ಜಾತ್ರೆ ಅದು, ಕಡಲು ಶಾಂತವಾಗಿರುವ ಕಾಲ ಅಂತಲೇ. 2019ರ ಜನವರಿ 21ರಂದು ತಿರುಗಿ ಬರುವಾಗ ಜನ ತುಂಬಿದ್ದ ಒಂದು ದೋಣಿ ಅಲೆಗೆ ಮಗುಚಿತು. 16 ಜನ ಸತ್ತರು. ಚಂಡಮಾರುತವೂ ಇರಲಿಲ್ಲ, ಬಂದರಿನ ಎಚ್ಚರಿಕೆ ಸಿಗ್ನಲ್ಲೂ ಇರಲಿಲ್ಲ, ಆಕಾಶದಲ್ಲಿ ಮೋಡವೂ ಇರಲಿಲ್ಲ.

ನಾನು ಕಾರವಾರದಿಂದ ತಿರುಗಿ ಬಂದ ಮೇಲೆ ಚಳಿ ನಿಜವಾಗಿ ಬಿತ್ತು. ಮಂಜು ಬಂತು, ಬಿಸಿಲು ಬಂತು, ಅಂಗಳ ಮತ್ತೆ ತುಂಬಿತು. ಕೊನೆಗೌಡನೂ ಮರ ಹತ್ತಿದ. ಅವನ ಮಗ ಸೈನ್ಯದಲ್ಲಿದ್ದಾನೆ, ಆ ವರ್ಷ ಕಾಶ್ಮೀರದಲ್ಲಿ. ಡಿಸೆಂಬರ್ 21ಕ್ಕೆ ಅಲ್ಲಿ ಚಿಲ್ಲೈ ಕಲಾನ್ ಶುರು, 40 ದಿನದ ಕಡು ಚಳಿ. ಆಮೇಲೆ 20 ದಿನದ ಸಣ್ಣ ಚಳಿ, ಅದಾದ ಮೇಲೆ 10 ದಿನದ 'ಮರಿ ಚಳಿ', ಎಲ್ಲಕ್ಕೂ ಹೆಸರಿದೆ. ನಾವು ಮಳೆಗೆ ನಕ್ಷತ್ರದ ಹೆಸರು ಇಟ್ಟು ಕರೆಯುವ ಹಾಗೆಯೇ ಅಲ್ವಾ. ಆ ಸಲ ಶುರುವಾಗುವ ಹಿಂದಿನ ರಾತ್ರಿಯೇ ಶ್ರೀನಗರದಲ್ಲಿ ಮೈನಸ್ 8.5 ಡಿಗ್ರಿ. ಡಿಸೆಂಬರಿನಲ್ಲಿ ಅಷ್ಟು ಚಳಿ ಬಿದ್ದು 50 ವರ್ಷ ಆಗಿತ್ತಂತೆ. ನಲ್ಲಿಯೊಳಗೇ ನೀರು ಹೆಪ್ಪುಗಟ್ಟಿತು, ದಾಲ್ ಸರೋವರದ ಅಂಚು ಗಾಜಾಯಿತು. ಇದನ್ನು ಪೇಪರಿನಲ್ಲಿ ಓದಿ ಹೇಳಿದರೆ ಕೊನೆಗೌಡ, "ಮೈನಸ್ ಅಂದ್ರೆ ಎಷ್ಟು?" ಅಂದ. ಫ್ರಿಜ್ಜಿನ ಮೇಲಿನ ಖಾನೆಯ ಒಳಗೆ ಕೂತ ಹಾಗೆ ಅಂದೆ. ಅವನು ಏನೂ ಹೇಳಲಿಲ್ಲ. ದೋಟಿ ತೆಗೆದುಕೊಂಡು ತೋಟಕ್ಕೆ ಹೋದ.

ಆ ತಿಂಗಳ ಕೊನೆಗೆ ದೆಹಲಿಯಿಂದ ತಂಗಿಯ ಫೋನು. ಅವಳ ಮಾಮೂಲಿ ಗೋಳು ಮಂಜಿನದು. ಅಲ್ಲಿಯ ಮಂಜು ನಮ್ಮ ತೋಟದ ಮಂಜಲ್ಲ, ಎಂಟು ಗಂಟೆಗೆ ಬಿಸಿಲಿಗೆ ಕರಗಿ ಹೋಗುವ ಸಭ್ಯ ಮಂಜಲ್ಲ. ನೆಲದ ಹತ್ತಿರ ತಣ್ಣನೆಯ ಗಾಳಿ, ಮೇಲೆ ಬಿಸಿ ಗಾಳಿಯ ಮುಚ್ಚಳ. ನಡುವೆ ಹೊಗೆ, ಧೂಳು, ತೇವ ಎಲ್ಲ ಸೇರಿ ದಿನಗಟ್ಟಲೆ ಕೂತಿರುತ್ತದೆ. ರೈಲು ತಡ, ವಿಮಾನ ತಡ. ಆದರೆ ಅವತ್ತು ಅವಳು ಮಾಡಿದ್ದು ಮಳೆಯ ಸುದ್ದಿ. "ಅಣ್ಣಾ, ನಮ್ಮೂರಿನ ಹಾಗೆ ಹೊಯ್ತಾ ಇದೆ!" 28ರ ಬೆಳಿಗ್ಗೆಗೆ ಮುಗಿದ 24 ಗಂಟೆಯಲ್ಲಿ 41.2 ಮಿಲಿಮೀಟರ್. ಡಿಸೆಂಬರಿನ ಒಂದೇ ದಿನ ದೆಹಲಿಯಲ್ಲಿ ಅಷ್ಟು ಬಿದ್ದು 101 ವರ್ಷ ಆಗಿತ್ತು. ನಾಲ್ಕು ಸೆಂಟಿಮೀಟರ್! ನಮ್ಮಲ್ಲಿ ಜೂನಿನ ಒಂದು ಬೆಳಿಗ್ಗೆ, ದೋಸೆ ಹೊಯ್ದು ಮುಗಿಯುವುದರೊಳಗೆ ಬೀಳುವಷ್ಟು.

ಆ ಮೋಡ ಫೆಂಗಲ್‌ನ ನೆಂಟನಲ್ಲ. ಅದು ಬಂದದ್ದು ಪಶ್ಚಿಮದಿಂದ, ಮೆಡಿಟರೇನಿಯನ್ ಸಮುದ್ರದ ಕಡೆಯಿಂದ. ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುತ್ತಾರೆ. ಕನ್ನಡ ಪೇಪರಿನವರು ಇದಕ್ಕೆ ಏನೇನೋ ಹೆಸರು ಹೊಸೆಯುತ್ತಾರೆ, ಯಾವುದೂ ನಾಲಿಗೆಗೆ ಹತ್ತುವುದಿಲ್ಲ. ಎತ್ತರದ ಗಾಳಿಯನ್ನು ಏರಿ ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಬಂದು ಹಿಮಾಲಯಕ್ಕೆ ಗುದ್ದುತ್ತದೆ. ಮೇಲೆ ಹಿಮ, ಕೆಳಗೆ ಮಳೆ. ಪಂಜಾಬಿನ ಗೋಧಿಯವನು ಅದಕ್ಕಾಗಿ ಕಾಯುತ್ತಾನೆ, ಅವನಿಗೆ ಅದು ಚಿನ್ನ. ಅದೇ ದಿನ ಕಾಶ್ಮೀರದಲ್ಲಿ ಭಾರಿ ಹಿಮ ಬಿದ್ದು ಜಮ್ಮು ಹೆದ್ದಾರಿ ಬಂದ್ ಆಯಿತು, ಮನಾಲಿ ಕಡೆ ಪ್ರವಾಸಿಗಳ ಕಾರುಗಳು ಸಾಲುಸಾಲು ಸಿಕ್ಕಿಬಿದ್ದವು. ನಮ್ಮ ತನಕ ಮಾತ್ರ ಅದು ಬರುವುದಿಲ್ಲ. ಬರುವುದಿಲ್ಲ ಅಂತ ಗೊತ್ತಿದ್ದರೂ ತಂಗಿಯ ಫೋನು ಇಟ್ಟ ಮೇಲೆ ಹೊರಗೆ ಹೋಗಿ ಆಕಾಶ ನೋಡಿದೆ. ನಕ್ಷತ್ರ ಕಿಕ್ಕಿರಿದಿತ್ತು. ಚಳಿ ಕೊರೆಯುತ್ತಿತ್ತು. ನೆಮ್ಮದಿ ಆಯಿತು.

ಮರುದಿನ ಭಾನುವಾರ. ಅಂಗಳದಲ್ಲಿ ಹೊಸ ಬೇಯಿಕೆ ಹರವಿ ಎರಡನೇ ಬಿಸಿಲು. ಮೊದಲ ಮಳೆಗೆ ಸಿಕ್ಕಿದ ಅಡಿಕೆಯನ್ನು ಬೇರೆ ಮೂಲೆಗೆ ಹಾಕಿದ್ದೆವು, ಬಣ್ಣ ಹೋಗಿ ಮಸಿ ಹಿಡಿದ ಹಾಗಾಗಿತ್ತು. ಅದನ್ನು ಕೊಡುವುದಾ ಇಟ್ಟುಕೊಳ್ಳುವುದಾ ಎಂದು ಅಪ್ಪಯ್ಯ ಇನ್ನೂ ತೀರ್ಮಾನಿಸಿರಲಿಲ್ಲ. ಕೊನೆಗೌಡ ಚಹಾ ಕುಡಿಯಲು ಬಂದವನು ಜಗುಲಿಯ ಮೆಟ್ಟಿಲಲ್ಲಿ ಕೂತಿದ್ದ. ಅವನ ಫೋನು ಬಡಿದುಕೊಂಡಿತು. ಮಗನ ವಿಡಿಯೋ ಕಾಲ್, ಹಿಮ ಬೀಳಲು ಶುರುವಾದಾಗಿನಿಂದ ಸಿಗ್ನಲ್ ಇಲ್ಲದೆ ಈಗಷ್ಟೇ ಸಿಕ್ಕಿದ್ದು. ಪರದೆಯಲ್ಲಿ ಮುಖ ಕಾಣುತ್ತಿರಲಿಲ್ಲ. ಟೋಪಿ, ಮಫ್ಲರು, ನಡುವೆ ಎರಡು ಕಣ್ಣು, ಹಿಂದೆ ಬರೀ ಬಿಳಿ. ಅಪ್ಪ ಮಗನಿಗೆ ಮಾತು ಜಾಸ್ತಿ ಇರಲಿಲ್ಲ. ಊಟ ಆಯ್ತಾ, ಆಯ್ತು. ಚಳಿಯಾ, ಹೂಂ. ಆಮೇಲೆ ಅವನು, "ಅಪ್ಪಾ, ಬಿಸ್ಲು ತೋರ್ಸು" ಅಂದ.

ಕೊನೆಗೌಡನಿಗೆ ಕ್ಯಾಮೆರಾ ತಿರುಗಿಸಲು ಬರುತ್ತಿರಲಿಲ್ಲ. ನಾನು ಫೋನು ತೆಗೆದುಕೊಂಡು ಅಂಗಳದ ನಡುವಿಗೆ ಹೋದೆ. ತಟ್ಟಿಗಳ ನಡುವೆ ನಿಂತು ನಿಧಾನಕ್ಕೆ ತಿರುಗಿದೆ. ಕೆಂಪು ಅಡಿಕೆ, ಬೆಳಗುವ ಅಂಗಳ, ಆಚೆ ತೋಟದ ತುದಿ. ಆ ಕಡೆಯಿಂದ ಸದ್ದಿಲ್ಲ. ಸಿಗ್ನಲ್ ಹೋಯಿತೇನೋ ಅಂದುಕೊಂಡೆ. ಹೋಗಿರಲಿಲ್ಲ, ನೋಡುತ್ತಿದ್ದ.

"ಬದಿಗೆ ಸರಿಯಾ ತಮಾ" ಅಂದ ಅಪ್ಪಯ್ಯ ಜಗುಲಿಯಿಂದ. "ಅಡಿಕೆ ಮೇಲೆ ನೆಳ್ಳು ಬೀಳ್ತು."